ಯುವರಾಜಜನನಿ ಪ್ರಭಾವತಿಗುಪ್ತೆ

ವಾಕಾಟಕ ಮಹಾರಾಜ ಎರಡನೆಯ ರುದ್ರಸೇನನ ಅಗ್ರಮಹಿಷಿಯೂ ಗುಪ್ತ ಚಕ್ರವರ್ತಿ ಎರಡನೆಯ ಚಂದ್ರಗುಪ್ತನ ಪುತ್ರಿಯೂ ಆದ ಪ್ರಭಾವತಿಗುಪ್ತೆಯು ಪತಿಯ ಮರಣಾನಂತರ ಮಗನ ಪರವಾಗಿ ವಿದರ್ಭವನ್ನು ಕಡಮೆಯೆಂದರೆ 13 ವರ್ಷ ಆಳಿದಳೆಂಬುದು ಇತಿಹಾಸಜ್ಞರಿಗೆಲ್ಲ ತಿಳಿದ ವಿಷಯ. ಆದರೆ ಈ ರಾಣಿಯ ಚರಿತ್ರೆಯನ್ನು ಹೇಳುವ ಕಾವ್ಯವಾಗಲಿ ಪುರಾಣವಾಗಲಿ ಇಲ್ಲ. ಮೂರು ತಾಮ್ರಶಾಸನಗಳು, ಅರ್ಧ ನಶಿಸಿದ ಒಂದು ಶಿಲಾಶಾಸನ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಮಣ್ಣಿನ ಮುದ್ರಿಕೆ, ಇವುಗಳ ಜೊತೆಗೆ ಆಕೆಯ ಮಗ ಬರೆಯಿಸಿದ ದತ್ತಿಶಾಸನಗಳ ವಂಶಾವಳಿಯಲ್ಲಿ ಬರುವ ಒಂದು ಸಾಲು, ಇಷ್ಟೇ ಆಧಾರ. ಆದುದರಿಂದ ಪ್ರಭಾವತಿಯ ಜೀವನಚರಿತ್ರೆಯೆಂದರೆ ಬಹುಮಟ್ಟಿಗೆ ಈ ಬರಹಗಳ ಪಾಠವಿಮರ್ಶೆಯ ಚರಿತ್ರೆಯೇ ಆಗಿದೆ. ಒಂದು ಸಮಾಸವನ್ನು ಬಿಡಿಸುವ ರೀತಿ ಬೇರೆಯಾದರೆ ಇಲ್ಲಿ ಒಬ್ಬ ರಾಜನೇ ಹುಟ್ಟುತ್ತಾನೆ ಅಥವಾ ಇಲ್ಲವಾಗುತ್ತಾನೆ.

ಮೊದಲು ಕಾಲನಿರ್ಣಯದ ಮಾತು. ಎರಡನೆಯ ಪ್ರವರಸೇನನ ಚಮ್ಮಕ್ ಮೊದಲಾದ ತಾಮ್ರಶಾಸನಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬೆಳಕಿಗೆ ಬಂದಿದ್ದವು. ಅವುಗಳಲ್ಲಿ ಪ್ರವರಸೇನನು ಮಹಾರಾಜಾಧಿರಾಜ ದೇವಗುಪ್ತನ ಮಗಳಾದ ಪ್ರಭಾವತಿಗುಪ್ತೆಯಲ್ಲಿ ಜನಿಸಿದವನೆಂದು ಹೇಳಿದೆ. ಈ ದೇವಗುಪ್ತ ಯಾರು? 1888ರಲ್ಲಿ ಗುಪ್ತ ಶಾಸನಗಳ ಸಂಪುಟವನ್ನು ಹೊರತಂದ ಫ್ಲೀಟರು ಇವನನ್ನು ಮಗಧದ ಉತ್ತರಕಾಲೀನ ಗುಪ್ತ ಮನೆತನದ, ಆದಿತ್ಯಸೇನನ ಮಗನಾದ ದೇವಗುಪ್ತನೆಂದು ಗುರುತಿಸಿದರು. ಅದರ ಫಲವಾಗಿ ಪ್ರಭಾವತಿಯೂ ಅವಳ ಮಕ್ಕಳೂ ಏಳನೆಯ ಶತಮಾನದ ಅಂತ್ಯಕ್ಕೂ ಎಂಟನೆಯದರ ಆರಂಭಕ್ಕೂ ಸರಿದುಬಿಟ್ಟರು. ಬ್ಯೂಲರರು ಲಿಪಿಯ ಆಧಾರದಿಂದ ಇವರ ಕಾಲ ಅದಕ್ಕಿಂತ ಬಹಳ ಹಿಂದಿನದೆಂದು ಭಾವಿಸಿದ್ದರು. ಆದರೆ ಹೆಸರಿನ ಸಾಮ್ಯದ ಮುಂದೆ ಅಕ್ಷರದ ಸಾಕ್ಷ್ಯ ಕೆಲಕಾಲ ಹಿಂದೆ ಸರಿಯಿತು.

ಈ ತೊಡಕನ್ನು ಬಿಡಿಸಿದ್ದು ಪುಣೆಯ ತಾಮ್ರಪಟಗಳು. ಅಹಮದನಗರದಿಂದ ಬಂದು ಪುಣೆಯಲ್ಲಿ ನೆಲೆಸಿದ್ದ, ತಾಮ್ರದ ಪಾತ್ರೆಗಳ ಕೆಲಸ ಮಾಡುವ ಒಂದು ಮನೆತನದಲ್ಲಿ ಎರಡು ಪಟಗಳ ಒಂದು ಶಾಸನವು ಮುದ್ರಿಕೆಯ ಸಮೇತ ಉಳಿದುಕೊಂಡಿತ್ತು. ಎಷ್ಟು ತಾಮ್ರಶಾಸನಗಳು ಕುಲುಮೆಯಲ್ಲಿ ಕರಗಿ ಕೊಡ ತಂಬಿಗೆಗಳಾಗಿವೆಯೋ ಬಲ್ಲವರಿಲ್ಲ. ಇದು ಕರಗಿಸುವವರ ಕೈಯಲ್ಲಿಯೇ ಇದ್ದು ಕರಗದೆ ಉಳಿದದ್ದು ಇತಿಹಾಸದ ಪುಣ್ಯ. ಇದನ್ನು 1912ರಲ್ಲಿ ಮೊದಲು ವಿದ್ವಾಂಸರ ಗಮನಕ್ಕೆ ತಂದವರು ಕೆ. ಬಿ. ಪಾಠಕರು. ಅನಂತರ ಕೆ. ಎನ್. ದೀಕ್ಷಿತರೊಡನೆ ಸೇರಿ ಎಪಿಗ್ರಾಫಿಯಾ ಇಂಡಿಕಾದ ಹದಿನೈದನೆಯ ಸಂಪುಟದಲ್ಲಿ ಅವರು ಅದನ್ನು ಸಂಪಾದಿಸಿದರು. ಜೈನ ಸಾಹಿತ್ಯದ ಕಾಲನಿರ್ಣಯದಲ್ಲಿ ಪಾಠಕರು ಮಾಡಿದ ಕೆಲಸ ಪಂಡಿತರಿಗೆ ಪರಿಚಿತವೇ. 1898ರಲ್ಲಿ ಕವಿರಾಜಮಾರ್ಗವನ್ನು ಸಂಪಾದಿಸಿ ಬೆಂಗಳೂರಿನಲ್ಲಿ ಪ್ರಕಟಿಸಿದವರೂ ಇವರೇ. ಈ ಶಾಸನದಲ್ಲಿ ಪ್ರಭಾವತಿಯು ತನ್ನ ತಂದೆಯ ಹೆಸರನ್ನು ಚಂದ್ರಗುಪ್ತನೆಂದೂ ಅಜ್ಜನ ಹೆಸರನ್ನು ಸಮುದ್ರಗುಪ್ತನೆಂದೂ ಸ್ಪಷ್ಟವಾಗಿ ಹೇಳಿದ್ದಾಳೆ. ದೇವಗುಪ್ತನೆಂಬುದು ಎರಡನೆಯ ಚಂದ್ರಗುಪ್ತನ ಇನ್ನೊಂದು ಹೆಸರೆಂದು ಇದರಿಂದ ಸ್ಥಿರಪಟ್ಟಿತು. ಒಂದು ಜೊತೆ ತಾಮ್ರಪಟದಿಂದ ಒಂದು ರಾಜವಂಶವೇ ಸುಮಾರು ಮುನ್ನೂರು ವರ್ಷ ಹಿಂದಕ್ಕೆ, ತನ್ನ ನಿಜವಾದ ಕಾಲಕ್ಕೆ, ಬಂದು ನಿಂತಿತು.

ಚಂದ್ರಗುಪ್ತನ ಮಥುರೆಯ ಶಾಸನ ಗುಪ್ತ ಸಂವತ್ಸರ 61ರದು, ಎಂದರೆ ಕ್ರಿ.ಶ. 380. ಸಾಂಚಿಯ ಶಾಸನ 93ನೆಯ ವರ್ಷದ್ದು, ಎಂದರೆ ಕ್ರಿ.ಶ. 412. ಈ ಅವಧಿಯ ಮೊದಲ ಭಾಗದಲ್ಲಿ ಪ್ರಭಾವತಿಯ ವಿವಾಹ ನಡೆದಿರಬೇಕು. ವಾಕಾಟಕರ ಕಡೆಯಿಂದ ಶಕವರ್ಷವುಳ್ಳ ಆಧಾರವೆಂದರೆ ವತ್ಸಗುಲ್ಮ ಶಾಖೆಯ ದೇವಸೇನನ ಹಿಸ್ಸೆ-ಬೋರಾಳಾ ಶಾಸನ. ಅದು ಶಕ 380ರದು, ಕ್ರಿ.ಶ. 458. ಈ ಎರಡು ತುದಿಗಳ ನಡುವೆ ಅಳೆದು ನೋಡಿದ ವಿದ್ವಾಂಸರಲ್ಲಿ ಹಲವರು ರುದ್ರಸೇನನ ಮರಣವನ್ನು ಸುಮಾರು ಕ್ರಿ.ಶ. 405ಕ್ಕೂ ಪ್ರವರಸೇನನ ಪಟ್ಟಾಭಿಷೇಕವನ್ನು 420ರ ಆಸುಪಾಸಿಗೂ ಇಡುತ್ತಾರೆ. ಹಿಂದಿನ ಕೆಲವರು ರುದ್ರಸೇನನ ಮರಣವನ್ನು 390ಕ್ಕೆ ಇಟ್ಟದ್ದುಂಟು.

ಇನ್ನು ಪುಣೆಯ ಶಾಸನದ ಒಳಗೆ ಪ್ರವೇಶಿಸಬಹುದು. ಇದು ಹೊರಟದ್ದು ನಂದಿವರ್ಧನದಿಂದ, ಎಂದರೆ ಇಂದಿನ ನಾಗಪುರ ಜಿಲ್ಲೆಯ ರಾಮಟೇಕಿಗೆ ಸಮೀಪದ ನಗರಧನದಿಂದ. ಕಾರ್ತಿಕ ಶುಕ್ಲ ದ್ವಾದಶಿಯಂದು ಭಗವಂತನ ಪಾದಮೂಲದಲ್ಲಿ ನಿವೇದಿಸಿ, ಸುಪ್ರತಿಷ್ಠ ಆಹಾರದಲ್ಲಿದ್ದ ದಂಗುಣವೆಂಬ ಗ್ರಾಮವನ್ನು ಭಗವದ್ಭಕ್ತನಾದ ಆಚಾರ್ಯ ಚನಾಲಸ್ವಾಮಿಗೆ ರಾಣಿ ದಾನ ಮಾಡಿದ್ದಾಳೆ. ಗ್ರಾಮದ ನಾಲ್ಕು ದಿಕ್ಕಿನ ಎಲ್ಲೆಗಳಾಗಿ ನಾಲ್ಕು ಊರುಗಳ ಹೆಸರನ್ನು ಹೇಳಿದೆ. ಸೈನಿಕರು ಅಲ್ಲಿ ಪ್ರವೇಶಿಸಕೂಡದು. ಹುಲ್ಲು, ಚರ್ಮ, ಇದ್ದಲು, ಹೂ, ಹಾಲು ಇವನ್ನು ಅರಮನೆಯ ನೌಕರರು ವಸೂಲು ಮಾಡಕೂಡದು. ನೆಲದೊಳಗಿನ ನಿಧಿ ನಿಕ್ಷೇಪಗಳೂ ದಾನ ಪಡೆದವನಿಗೇ ಸಲ್ಲತಕ್ಕವು. ಈ ವಿನಾಯಿತಿಗಳ ಪಟ್ಟಿ ವಾಕಾಟಕರ ಇತರ ದತ್ತಿಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವಂಥದೇ. ಹೊಸತು ಇರುವುದು ಇದರಲ್ಲಲ್ಲ, ವಂಶಾವಳಿಯಲ್ಲಿ.

ವಾಕಾಟಕ ರಾಜಧಾನಿಯಿಂದ ಹೊರಟ ಶಾಸನವು ವಾಕಾಟಕ ವಂಶದ ವಿಂಧ್ಯಶಕ್ತಿಯಿಂದಾಗಲಿ ಸಮ್ರಾಟ್ ಪ್ರವರಸೇನನಿಂದಾಗಲಿ ಆರಂಭವಾಗುವುದಿಲ್ಲ. ಗುಪ್ತ ವಂಶದ ಘಟೋತ್ಕಚನನ್ನು ಆದಿರಾಜನೆಂದು ಕರೆದು, ಅಲ್ಲಿಂದ ಮೊದಲನೆಯ ಚಂದ್ರಗುಪ್ತ, ಸಮುದ್ರಗುಪ್ತ, ಎರಡನೆಯ ಚಂದ್ರಗುಪ್ತ ಎಂದು ಇಳಿದು, ನಾಗಕುಲದಲ್ಲಿ ಹುಟ್ಟಿದ ಕುಬೇರನಾಗೆಯಲ್ಲಿ ಜನಿಸಿದವಳು ತಾನೆಂದು ರಾಣಿ ಹೇಳಿಕೊಳ್ಳುತ್ತಾಳೆ. ಉಭಯ ಕುಲಗಳಿಗೂ ತಾನು ಅಲಂಕಾರಭೂತೆಯೆನ್ನುತ್ತಾಳೆ. ಆಕೆಯ ಗೋತ್ರವೂ ತವರಿನ ಧಾರಣಗೋತ್ರವೇ ಹೊರತು ವಾಕಾಟಕರ ವಿಷ್ಣುವೃದ್ಧ ಗೋತ್ರವಲ್ಲ. ಮದುವೆಯೊಡನೆ ಸ್ತ್ರೀಯ ಗೋತ್ರ ಬದಲಾಗುವುದೆಂಬ ಧರ್ಮಶಾಸ್ತ್ರದ ರೂಢಿಯನ್ನು ನೆನೆದರೆ ಇದು ಗಮನಿಸತಕ್ಕ ಮಾತು. ಗುಪ್ತರಿಗೆ ಮಹಾರಾಜಾಧಿರಾಜ ಬಿರುದು, ಪತಿಯಾದ ರುದ್ರಸೇನನಿಗೆ ಬರಿಯ ಮಹಾರಾಜ ಬಿರುದು.

ಇದನ್ನೆಲ್ಲ ಕಂಡ ಇತಿಹಾಸಕಾರರು ಒಂದು ತೀರ್ಮಾನಕ್ಕೆ ಬಂದರು. ಪ್ರಭಾವತಿಯ ಕಾಲದಲ್ಲಿ ವಾಕಾಟಕ ರಾಜ್ಯವು ವಾಸ್ತವವಾಗಿ ಗುಪ್ತ ಸಾಮ್ರಾಜ್ಯದ ಅಂಗವಾಗಿತ್ತು. ಚಂದ್ರಗುಪ್ತನು ಮಗಳ ಸಹಾಯಕ್ಕೆ ಅಧಿಕಾರಿಗಳನ್ನು ಕಳುಹಿಸಿದ್ದನು. ಪಶ್ಚಿಮದ ಶಕ ಕ್ಷತ್ರಪರನ್ನು ಜಯಿಸಲು ವಿದರ್ಭವು ಅವನಿಗೆ ಬೆನ್ನಾಸರೆಯಾಗಿತ್ತು. ಅಳ್ತೇಕರರಂಥ ಹಿರಿಯರೂ ಈ ದಿಕ್ಕಿನಲ್ಲಿ ಬರೆದುದರಿಂದ ಇದು ಪಠ್ಯಪುಸ್ತಕಗಳಿಗೂ ಇಳಿಯಿತು. ಈ ಚಿತ್ರದಲ್ಲಿ ರಾಣಿಯು ತಂದೆಯ ಕೈಯ ಸೂತ್ರದ ಬೊಂಬೆಯಾಗುತ್ತಾಳೆ. ಪುಣೆಯ ಶಾಸನದ ಲಿಪಿಯಲ್ಲಿ ವಾಕಾಟಕರಿಗೆ ಸಹಜವಾದ ಪೆಟ್ಟಿಗೆತಲೆಯ ಅಕ್ಷರಗಳ ಬದಲು ಮೊಳೆತಲೆಯ ಅಕ್ಷರಗಳಿರುವುದನ್ನೂ ಈ ವಾದಕ್ಕೆ ಬೆಂಬಲವಾಗಿ ಹೇಳುವುದುಂಟು. ಉತ್ತರದಿಂದ ಬಂದ ಒಬ್ಬ ಲಿಪಿಕಾರನು ಅರಮನೆಯಲ್ಲಿದ್ದನೆಂದು ಇದರಿಂದ ಊಹಿಸಬಹುದು. ಆದರೆ ಒಬ್ಬ ಲಿಪಿಕಾರನ ಕೈಬರಹದಿಂದ ಒಂದು ರಾಜ್ಯದ ಸ್ವಾತಂತ್ರ್ಯವನ್ನು ಅಳೆಯುವುದು ಹೇಗೆ? ಕನ್ನಡ ನಾಡಿನ ಬಸದಿಗಳಲ್ಲಿ ದೂರ ದೇಶದ ಲಿಪಿಕಾರರು ಪ್ರತಿಮಾಡಿದ ಗ್ರಂಥಗಳನ್ನು ಕಂಡವರು ಇಂಥ ಅನುಮಾನಕ್ಕೆ ಬೇಗ ಒಳಗಾಗಲಾರರು.

ಶಾಸನವನ್ನು ಅದರ ಮೈಗೇ ಕೈಯಿಟ್ಟು ಓದಿದರೆ ಬೇರೆ ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದಾಗಿ, ಇದರಲ್ಲಿ ಗುಪ್ತ ಸಂವತ್ಸರವಿಲ್ಲ. ಗುಪ್ತರಿಗೆ ಅಧೀನರಾದವರ, ಅವರ ಪ್ರಭಾವಕ್ಕೆ ಒಳಗಾದವರ ಶಾಸನಗಳಲ್ಲಿ ಆ ಸಂವತ್ಸರ ಬರುವುದು ವಾಡಿಕೆ. ಪರಿವ್ರಾಜಕ ಮಹಾರಾಜರ ಶಾಸನಗಳನ್ನು ನೋಡಬಹುದು. ಚಕ್ರವರ್ತಿಯ ಸ್ವಂತ ಮಗಳು ತಂದೆಯ ಸಂವತ್ಸರವನ್ನು ಬಿಟ್ಟು, ವಾಕಾಟಕರ ಪದ್ಧತಿಯಂತೆ ಆಳಿಕೆಯ ವರ್ಷವನ್ನೇ ಹಾಕಿಸಿದ್ದಾಳೆ. ಎರಡನೆಯದಾಗಿ, ವಂಶಾವಳಿಯಲ್ಲಿ ತಾಯಿಯ ಕಡೆಯವರನ್ನು ಹೊಗಳುವುದು ವಾಕಾಟಕರಿಗೆ ಹೊಸತೇನಲ್ಲ. ಮೊದಲನೆಯ ರುದ್ರಸೇನನನ್ನು ಭಾರಶಿವರ ಮಹಾರಾಜ ಭವನಾಗನ ದೌಹಿತ್ರನೆಂದು ಅವರ ಶಾಸನಗಳೆಲ್ಲ ಹೆಮ್ಮೆಯಿಂದ ಹೇಳುತ್ತವೆ. ಭಾಗೀರಥಿಯ ಜಲದಿಂದ ಅಭಿಷಿಕ್ತರಾದ, ಹತ್ತು ಅಶ್ವಮೇಧಗಳನ್ನು ಮಾಡಿದ ಕುಲವದು. ದೊಡ್ಡ ಮನೆತನದ ಹೆಣ್ಣನ್ನು ತಂದದ್ದನ್ನು ಶಾಸನದಲ್ಲಿ ಬರೆಯಿಸಿದ ಮನೆತನಕ್ಕೆ ಸೊಸೆಯಾಗಿ ಬಂದವಳು ತನ್ನ ತವರಿನ ಹೆಸರನ್ನು ತಾನೇ ಬರೆಯಿಸಿದಳು. ಮೂರನೆಯ ಮಾತು ಬಿರುದಿನದು. ಮೊದಲನೆಯ ಪ್ರವರಸೇನನೊಬ್ಬನ ಹೊರತು ಉಳಿದ ವಾಕಾಟಕರೆಲ್ಲ ಮಹಾರಾಜರೆಂದೇ ಕರೆದುಕೊಂಡವರು. ಆದುದರಿಂದ ರುದ್ರಸೇನನಿಗೆ ಆ ಬಿರುದು ಬಂದಿರುವುದು ಕೀಳರಿಮೆಯ ಗುರುತಲ್ಲ.

ತಂದೆಯ ವಂಶಾವಳಿಯನ್ನು ಇಷ್ಟು ಜತನದಿಂದ ಹೇಳಿದ ಈ ಶಾಸನವು ಒಬ್ಬನನ್ನು ಬಿಟ್ಟಿದೆ. ಸಮುದ್ರಗುಪ್ತನ ಬಳಿಕ ರಾಮಗುಪ್ತನೆಂಬ ಹಿರಿಯ ಮಗನು ಕೆಲಕಾಲ ಆಳಿದನೆಂಬುದು ದೇವೀಚಂದ್ರಗುಪ್ತ ನಾಟಕದ ಉಳಿದ ತುಣುಕುಗಳಿಂದ ತಿಳಿದಿದ್ದ ಕಥೆ. ಅನೇಕರು ಅದನ್ನು ಕವಿಕಲ್ಪನೆಯೆಂದು ತಳ್ಳಿಹಾಕಿದ್ದರು. ವಿದಿಶೆಯ ಸಮೀಪದ ದುರ್ಜನಪುರದಲ್ಲಿ ದೊರೆತ ಮೂರು ಜಿನಬಿಂಬಗಳ ಪೀಠದ ಬರಹವನ್ನು 1969ರಲ್ಲಿ ಜಿ. ಎಸ್. ಗಾಯಿಯವರು ಪ್ರಕಟಿಸಿದಾಗ ಆ ವಾದದ ಬಲ ಕುಂದಿತು. ಚಂದ್ರಪ್ರಭ, ಪುಷ್ಪದಂತ ತೀರ್ಥಂಕರರ ಆ ಪ್ರತಿಮೆಗಳನ್ನು ಮಹಾರಾಜಾಧಿರಾಜ ರಾಮಗುಪ್ತನು ಮಾಡಿಸಿದನೆಂದೂ, ಪಾಣಿಪಾತ್ರಿಕ ಚಂದ್ರಕ್ಷಮಾಚಾರ್ಯ ಕ್ಷಮಣ ಶ್ರಮಣರ ಪ್ರಶಿಷ್ಯನೂ ಸರ್ಪಸೇನ ಕ್ಷಮಣರ ಶಿಷ್ಯನೂ ಆದ ಚೇಲೂಕ್ಷಮಣನ ಉಪದೇಶದಿಂದ ಅದು ನಡೆಯಿತೆಂದೂ ಅಲ್ಲಿದೆ. ಈ ರಾಮಗುಪ್ತನೇ ನಾಟಕದ ರಾಮಗುಪ್ತನಾಗಿದ್ದರೆ, ಅವನು ಪ್ರಭಾವತಿಗೆ ದೊಡ್ಡಪ್ಪ. ಅಣ್ಣನನ್ನು ಕೊಂದು ಪಟ್ಟವೇರಿದ ಅಪವಾದ ತಂದೆಯ ಮೇಲಿದ್ದುದರಿಂದ ಮಗಳ ಶಾಸನದಲ್ಲಿ ದೊಡ್ಡಪ್ಪನ ಹೆಸರು ಬಾರದಿರುವುದು ಸಹಜವೇ. ಗುಪ್ತರ ಸ್ವಂತ ಶಾಸನಗಳಲ್ಲಿಯೂ ಅವನಿಲ್ಲ. ತಾಮ್ರಪಟದ ವಂಶಾವಳಿ ಮರೆಸಿದವನನ್ನು ಜಿನಬಿಂಬದ ಪೀಠ ಉಳಿಸಿಕೊಂಡಿತೆಂಬುದು ಶಾಸನಾಭ್ಯಾಸಿಗಳು ನೆನಪಿಡಬೇಕಾದ ಸಂಗತಿ.

ಪುಣೆಯ ಶಾಸನದ ಅತ್ಯಂತ ಕುತೂಹಲದ ಭಾಗ ಅದರ ಕಾಲನಿರ್ದೇಶ ಮತ್ತು ಮುದ್ರಿಕೆ. ಶಾಸನವು 13ನೆಯ ವರ್ಷದ್ದು. ಯಾರ 13ನೆಯ ವರ್ಷವೆಂದು ಹೇಳಿಲ್ಲ. ರಾಣಿಯು ತನ್ನನ್ನು ಮಹಾರಾಜ ರುದ್ರಸೇನನ ಅಗ್ರಮಹಿಷಿ, ಯುವರಾಜ ದಿವಾಕರಸೇನನ ಜನನಿ ಎಂದು ಕರೆದುಕೊಂಡಿದ್ದಾಳೆ. ಪತಿ ತೀರಿಕೊಂಡು 13 ವರ್ಷವಾದರೂ ಮಗ ಇನ್ನೂ ಯುವರಾಜನೇ. ನಡುವೆ ಮಹಾರಾಜನೆನಿಸಿಕೊಂಡವರು ಯಾರೂ ಇಲ್ಲ. ಮಗನು ಶಿಶುವಾಗಿದ್ದಾಗಲೇ ಪಟ್ಟಕಟ್ಟಿ ಅವನ ಹೆಸರಿನಲ್ಲಿ ಆಳುವ ದಾರಿ ತೆರೆದಿತ್ತು. ಆಕೆ ಹಾಗೆ ಮಾಡಲಿಲ್ಲ. ತಾನೇ ಮಹಾರಾಣಿಯೆಂದು ಪಟ್ಟವೇರಲೂ ಇಲ್ಲ. ಸಿಂಹಾಸನವನ್ನು ಬರಿದಾಗಿ ಇರಿಸಿ, ಅದರ ಪಕ್ಕದಲ್ಲಿ ನಿಂತು ತನ್ನ ಹೆಸರಿನಲ್ಲಿಯೇ ಆಜ್ಞೆಗಳನ್ನು ಹೊರಡಿಸಿದಳು.

ಮಗ ಪ್ರಾಯಕ್ಕೆ ಬಂದರೂ ಅಧಿಕಾರವನ್ನು ಬಿಟ್ಟುಕೊಡದೆ ಹಿಡಿದಿದ್ದಳೇ ಎಂಬ ಸಂದೇಹ ಇಲ್ಲಿ ಏಳುವುದು ಸಹಜ. ಇದಕ್ಕೆ ಸಮಾಧಾನ ಹಾಥಿಗುಂಫಾ ಶಾಸನದಲ್ಲಿದೆ. ಕಳಿಂಗದ ಖಾರವೇಲನು 15 ವರ್ಷ ಬಾಲ್ಯಕ್ರೀಡೆಗಳಲ್ಲಿ ಕಳೆದು, ಬಳಿಕ 9 ವರ್ಷ ಯುವರಾಜನಾಗಿದ್ದು, 24 ವರ್ಷ ತುಂಬಿದ ಮೇಲೆ ಮಹಾರಾಜ್ಯಾಭಿಷೇಕವನ್ನು ಪಡೆದನೆಂದು ಅಲ್ಲಿ ಲೆಕ್ಕ ಹಿಡಿದು ಹೇಳಿದೆ. ಅಭಿಷೇಕಕ್ಕೆ ಇಷ್ಟು ವಯಸ್ಸಾಗಬೇಕೆಂಬ ರೂಢಿ ಪುರಾತನ ಭಾರತದಲ್ಲಿ ಒಂದೆಡೆಯಾದರೂ ಇದ್ದಿತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ರುದ್ರಸೇನನು ತೀರಿಕೊಂಡಾಗ ದಿವಾಕರಸೇನನಿಗೆ ಐದಾರು ವರ್ಷವಾಗಿದ್ದರೆ, ಪುಣೆಯ ಶಾಸನದ ಹೊತ್ತಿಗೆ ಅವನಿಗೆ ಇಪ್ಪತ್ತು ದಾಟಿರಲಾರದು. ರಾಣಿಯನ್ನು ದೂಷಿಸಲು ಶಾಸನದಲ್ಲಿ ಆಧಾರವಿಲ್ಲ.

ಆದರೆ ಆ ಯುವರಾಜನು ಮಹಾರಾಜನಾದ ಸುಳಿವು ಎಲ್ಲಿಯೂ ಇಲ್ಲ. ಪುಣೆಯ ಶಾಸನವಾದ ಮೇಲೆ ದಿವಾಕರಸೇನನ ಹೆಸರು ಮತ್ತೆ ಯಾವ ಬರಹದಲ್ಲಿಯೂ ಬರುವುದಿಲ್ಲ. 13 ವರ್ಷ ಯಾರಿಗಾಗಿ ರಾಜ್ಯವನ್ನು ಕಾಪಾಡಿದಳೋ ಅವನು ಅಭಿಷೇಕಕ್ಕೆ ಮೊದಲೇ ತೀರಿಕೊಂಡಿರಬೇಕು. ತಾಯಿಯ ಮುಂದಿನ ಶಾಸನಗಳಲ್ಲಿ ಅವನಿಗಾಗಿ ಒಂದು ಮಾತಿಲ್ಲ. ದತ್ತಿಶಾಸನವು ದುಃಖವನ್ನು ಬರೆಯುವ ಜಾಗವೂ ಅಲ್ಲ.

ಮುದ್ರಿಕೆಯಲ್ಲಿ ಒಂದು ಅನುಷ್ಟುಪ್ ಶ್ಲೋಕವಿದೆ. ವಾಕಾಟಕರಿಗೆ ತಿಲಕಪ್ರಾಯನೂ ಕ್ರಮವಾಗಿ ರಾಜ್ಯಲಕ್ಷ್ಮಿಯನ್ನು ಪಡೆದವನೂ ಆದ ಯುವರಾಜನ ಜನನಿಯ ಶಾಸನವಿದು, ಶತ್ರುಗಳನ್ನು ಶಿಕ್ಷಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಇಲ್ಲಿ ರಾಣಿಯ ಹೆಸರಿಲ್ಲ, ಮಗನ ಹೆಸರೂ ಇಲ್ಲ, ಸಂಬಂಧ ಮಾತ್ರವಿದೆ. ಎರಡನೆಯ ಪ್ರವರಸೇನನ ಮುದ್ರಿಕೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದೇ ಶ್ಲೋಕ, ಅದೇ ಪದಗಳು. ಯುವರಾಜನ ಜನನಿ ಎಂಬಲ್ಲಿ ರಾಜ ಪ್ರವರಸೇನ ಎಂದಿಷ್ಟೇ ವ್ಯತ್ಯಾಸ. ಎರಡರಲ್ಲಿ ಮೊದಲಿನದು ತಾಯಿಯದು. ಅರಮನೆಯ ಬರಹದ ಮನೆಯಲ್ಲಿ ಆಕೆಯ ಕಾಲದಲ್ಲಿ ಬಳಕೆಯಲ್ಲಿದ್ದ ಅಚ್ಚೇ ಮಗನ ಕಾಲಕ್ಕೂ ಮುಂದುವರಿಯಿತು. ರಾಣಿಯ ಆಳಿಕೆಯನ್ನು ಎರಡು ರಾಜರ ನಡುವಣ ಬಿಡುವೆಂದು ಎಣಿಸುವವರು ಈ ಸಾತತ್ಯವನ್ನು ಗಮನಿಸಬೇಕು.

ರಿದ್ಧಪುರದ ತಾಮ್ರಶಾಸನವು ಪ್ರವರಸೇನನ 19ನೆಯ ಆಳಿಕೆಯ ವರ್ಷದ್ದು. ಅಮರಾವತಿ ಜಿಲ್ಲೆಯ ರಿದ್ಧಪುರ ಮಹಾನುಭಾವ ಪಂಥದವರಿಗೆ ಪವಿತ್ರ ಕ್ಷೇತ್ರ. ಶಾಸನ ಹೊರಟದ್ದು ರಾಜಧಾನಿಯಿಂದಲ್ಲ, ರಾಮಗಿರಿಸ್ವಾಮಿಯ ಪಾದಮೂಲದಿಂದ. ರಾಮಗಿರಿಯೆಂದರೆ ನಂದಿವರ್ಧನಕ್ಕೆ ಹತ್ತಿರದ ರಾಮಟೇಕಿನ ಬೆಟ್ಟ. ಮೇಘದೂತದ ಯಕ್ಷನು ವಾಸಿಸಿದ್ದ ಗಿರಿಯೂ ಇದೇ ಎಂದು ಮಿರಾಶಿಯವರು ವಾದಿಸಿದ್ದಾರೆ. ಆಳಿಕೆಯ ವರ್ಷ ಈಗ ಮಗನದು, ಆಜ್ಞೆ ಮಾತ್ರ ತಾಯಿಯದೇ. ಅಶ್ವತ್ಥನಗರದ ಬ್ರಾಹ್ಮಣರಿಗೆ ಭೂಮಿಯನ್ನು ದತ್ತಿ ಬಿಟ್ಟ ಈ ಶಾಸನದಲ್ಲಿಯೂ ಗುಪ್ತ ವಂಶಾವಳಿಯೇ ಮೊದಲು. ತಂದೆ ಚಂದ್ರಗುಪ್ತ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆಯೂ ಅದನ್ನು ಆಕೆ ಬಿಟ್ಟಿಲ್ಲ. ಆದುದರಿಂದ ಆ ವಂಶಾವಳಿಯು ತಂದೆಯ ಒತ್ತಾಯದಿಂದ ಬಂದದ್ದಲ್ಲ, ಆಕೆಯ ಸ್ವಂತ ಅಭಿಮಾನದಿಂದ ಬಂದದ್ದು.

ಈ ಶಾಸನದ ಎರಡು ಪದಪುಂಜಗಳು ದೀರ್ಘ ಚರ್ಚೆಗೆ ಕಾರಣವಾದುವು. ಒಂದು, ನೂರಕ್ಕೂ ಹೆಚ್ಚು ವರ್ಷಗಳು, ಮಕ್ಕಳು ಮತ್ತು ಮೊಮ್ಮಕ್ಕಳನ್ನು ಕೂಡಿಸಿ ಹೇಳುವ ವಿಶೇಷಣ. ರಾಣಿಯು ನೂರು ವರ್ಷ ದಾಟಿ ಬದುಕಿದ್ದಳೆಂದು ಇದನ್ನು ಅಕ್ಷರಶಃ ತೆಗೆದುಕೊಂಡವರಿದ್ದಾರೆ. ಪ್ರವರಸೇನನ 19ನೆಯ ವರ್ಷ ಸುಮಾರು ಕ್ರಿ.ಶ. 440, ನೂರು ವರ್ಷ ಕಳೆದರೆ ಆಕೆಯ ಜನನ 340ಕ್ಕೆ ಹೋಗುತ್ತದೆ, ಸಮುದ್ರಗುಪ್ತನ ಆಳಿಕೆಯ ಆರಂಭದ ದಿನಗಳಿಗೆ. ಹಾಗಾದರೆ ಐದನೆಯ ಶತಮಾನದ ಆದಿಯಲ್ಲಿ ಅರವತ್ತೈದರ ವಿಧವೆಗೆ ಎಳೆಯ ಮಕ್ಕಳಿದ್ದರೆನ್ನಬೇಕಾಗುತ್ತದೆ. ಇದು ಆಗದ ಮಾತು. ವಾಕಾಟಕರ ಶಾಸನಗಳಲ್ಲಿಯೇ ಮೊದಲನೆಯ ಪೃಥಿವೀಷೇಣನ ಕೋಶವೂ ದಂಡೂ ನೂರು ವರ್ಷ ವರ್ಧಿಸುತ್ತ ಬಂದುವೆಂಬ ವರ್ಣನೆಯಿದೆ. ಅಲ್ಲಿ ಯಾರೂ ಅದನ್ನು ಅವನ ವಯಸ್ಸೆಂದು ಎಣಿಸಿಲ್ಲ. ಅದೇ ಅರಮನೆಯ ಬರಹಗಾರರು ಅದೇ ನುಡಿಗಟ್ಟನ್ನು ರಾಣಿಗೆ ಮಂಗಳವಾಚಕವಾಗಿ ಬಳಸಿದರೆಂದು ತಿಳಿಯುವುದೇ ಯುಕ್ತ.

ಇನ್ನೊಂದು, ದಾಮೋದರಸೇನ-ಪ್ರವರಸೇನ-ಜನನೀ ಎಂಬ ಸಮಾಸ. ದ್ವಂದ್ವವೆಂದು ಬಿಡಿಸಿದರೆ ಇಬ್ಬರು ಮಕ್ಕಳು. ಹಿಂದೆ ದಾಮೋದರಸೇನನೆಂಬ ಹೆಸರಿದ್ದು ಪಟ್ಟವಾದ ಮೇಲೆ ಪ್ರವರಸೇನನಾದವನೆಂದು ಬಿಡಿಸಿದರೆ ಒಬ್ಬನೇ ಮಗ. ದಾಮೋದರಸೇನನದೆಂದು ಹೇಳಬಹುದಾದ ಒಂದೂ ಶಾಸನ ದೊರೆಯದಿದ್ದುದರಿಂದಲೂ, ಪ್ರವರಸೇನನ ವಂಶಾವಳಿಯು ತಂದೆ ರುದ್ರಸೇನನಿಂದ ನೇರವಾಗಿ ಅವನಿಗೇ ಇಳಿಯುವುದರಿಂದಲೂ ಎರಡನೆಯ ಪಕ್ಷಕ್ಕೆ ಬಹುಕಾಲ ಮನ್ನಣೆಯಿತ್ತು. 1963ರಲ್ಲಿ ಮಿರಾಶಿಯವರ ವಾಕಾಟಕ ಶಾಸನಸಂಪುಟ ಪ್ರಕಟವಾದಾಗಲೂ ಈ ಪ್ರಶ್ನೆಯನ್ನು ತೀರಿಸುವ ಸಾಕ್ಷ್ಯ ಹೊರಗೆ ಬಂದಿರಲಿಲ್ಲ.

ತೀರ್ಪು ಬಂದದ್ದು ಭಂಡಾರಾ ಜಿಲ್ಲೆಯ ಮಿರೇಗಾಂವಿನ ತಾಮ್ರಶಾಸನದಿಂದ. ಇದು ರಿದ್ಧಪುರ ಶಾಸನದ ಮರುವರ್ಷದ್ದು, ಪ್ರವರಸೇನನ 20ನೆಯ ವರ್ಷ. ಇದನ್ನೂ ರಾಣಿಯೇ ಕೊಟ್ಟದ್ದು. ಇದರ ಮುದ್ರಿಕೆಯ ಶ್ಲೋಕವು ಹಳೆಯ ಅಚ್ಚಿನಲ್ಲಿ ಹುಟ್ಟಿದ್ದರೂ ಮಾತು ಹೊಸದು: ಪರಾಕ್ರಮಿಗಳಾದ ಇಬ್ಬರು ವಾಕಾಟಕ ನರೇಂದ್ರರ ಜನನಿಯಾದ ಶ್ರೀ ಪ್ರಭಾವತಿಗುಪ್ತೆಯ ಶಾಸನವಿದು ಎಂಬುದು ಅದರ ಅರ್ಥ. ಇಲ್ಲಿ ಷಷ್ಠೀ ದ್ವಿವಚನ ಬಂದಿದೆ. ಸಂಶಯಕ್ಕೆ ಎಡೆಯೇ ಇಲ್ಲ. ದಾಮೋದರಸೇನನೂ ಪ್ರವರಸೇನನೂ ಇಬ್ಬರು, ಇಬ್ಬರೂ ಆಳಿದವರು. ಒಂದು ವಿಭಕ್ತಿಪ್ರತ್ಯಯದಿಂದ ವಾಕಾಟಕ ವಂಶಾವಳಿಗೆ ಒಬ್ಬ ಮಹಾರಾಜ ಮರಳಿ ಸೇರಿದನು. ಪುಣೆಯ ಮುದ್ರಿಕೆಯಲ್ಲಿ ಹೆಸರಿಲ್ಲದ ತಾಯಿಗೆ ಇಲ್ಲಿ ಸ್ವಂತ ಹೆಸರು ಬಂದಿರುವುದನ್ನೂ ಕಾಣಬಹುದು. ಮಗ ಇಪ್ಪತ್ತು ವರ್ಷ ಆಳಿದ ಮೇಲೆಯೂ ತಾಯಿಗೆ ತನ್ನದೇ ಮುದ್ರಿಕೆ, ತನ್ನದೇ ದಾನಾಧಿಕಾರ ಉಳಿದಿತ್ತು.

ಮತದ ವಿಷಯದಲ್ಲಿ ಈ ಮನೆತನ ಏಕರೂಪವಾಗಿರಲಿಲ್ಲ. ಮೊದಲನೆಯ ರುದ್ರಸೇನನು ಮಹಾಭೈರವನ ಭಕ್ತ. ಎರಡನೆಯ ರುದ್ರಸೇನನಾದರೋ ಚಕ್ರಪಾಣಿಯ ಪ್ರಸಾದದಿಂದ ಐಶ್ವರ್ಯ ಪಡೆದವನೆಂದು ಶಾಸನೋಕ್ತಿ. ಮಡದಿಯ ತವರಿನ ಭಾಗವತ ಭಕ್ತಿಯ ಪ್ರಭಾವ ಇದೆಂದು ಬಹುಮಂದಿ ಹೇಳಿದ್ದಾರೆ. ಮಗ ಪ್ರವರಸೇನನು ಮತ್ತೆ ಶಂಭುವಿನ ಭಕ್ತ. ಹಾಗಿದ್ದೂ ಅವನ ಹೆಸರಿನಲ್ಲಿ ನಿಂತಿರುವ ಪ್ರಾಕೃತ ಕಾವ್ಯ ಸೇತುಬಂಧದ ನಾಯಕನು ರಾಮ. ತಾಯಿ ರಾಮಗಿರಿಯ ಪಾದಮೂಲದಲ್ಲಿ ಕಳೆದ ದಿನಗಳ ನೆರಳು ಇಲ್ಲಿ ಬಿದ್ದಿರಬಹುದು. ವಿಕ್ರಮಾದಿತ್ಯನ ಅಪ್ಪಣೆಯಂತೆ ಕಾಳಿದಾಸನೇ ಈ ಕಾವ್ಯವನ್ನು ಪ್ರವರಸೇನನಿಗಾಗಿ ರಚಿಸಿದನೆಂದು ರಾಮದಾಸನ ಟೀಕೆ ಹೇಳುತ್ತದೆ. ಅದು ಬಹಳ ಈಚಿನ ಮಾತು, ಗಟ್ಟಿಯಾದ ಆಧಾರವೆನ್ನಲಾಗದು. ಮಹಾರಾಷ್ಟ್ರೀ ಪ್ರಾಕೃತದ ಹಿರಿಮೆಯನ್ನು ಹೇಳುವಾಗ ದಂಡಿಯು ಕಾವ್ಯಾದರ್ಶದಲ್ಲಿ ಉದಾಹರಿಸಿದ್ದು ಈ ಕೃತಿಯನ್ನೇ. ಆ ಕಾವ್ಯಾದರ್ಶದ ನೆಲೆಗಟ್ಟಿನ ಮೇಲೆ ನಿಂತ ಕವಿರಾಜಮಾರ್ಗವನ್ನು ಸಂಪಾದಿಸಿದ ಪಾಠಕರೇ ಸೇತುಬಂಧಕಾರನ ತಾಯಿಯ ಶಾಸನವನ್ನು ಓದಿದವರಾದದ್ದು ಒಂದು ಸೊಗಸಾದ ಕಾಕತಾಳೀಯ.

ಕನ್ನಡ ನಾಡಿನೊಡನೆ ಈ ಮನೆತನದ ಸಂಬಂಧ ಪ್ರಭಾವತಿಯ ಮೊಮ್ಮಗನ ಕಾಲಕ್ಕೆ ಬರುತ್ತದೆ. ನರೇಂದ್ರಸೇನನ ಮಹಿಷಿ ಅಜ್ಝಿತಭಟ್ಟಾರಿಕೆಯು ಕುಂತಲಾಧಿಪತಿಯ ಮಗಳೆಂದು ಬಾಲಾಘಾಟ ತಾಮ್ರಪಟಗಳಲ್ಲಿದೆ. ಕಾಕುಸ್ಥವರ್ಮನು ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಕುಲಗಳಿಗೆ ಕೊಟ್ಟನೆಂದು ತಾಳಗುಂದದ ಸ್ತಂಭಶಾಸನ ಹೇಳುವುದರಿಂದ, ಈಕೆ ಕದಂಬರ ಮಗಳಾಗಿರಬೇಕೆಂದು ಅನೇಕರ ಮತ.

ರಾಣಿಯ ಮಗಳ ಸಂಗತಿಯೊಂದು ಈಚೆಗೆ ಸೇರಿದೆ. ರಾಮಟೇಕಿನ ಕೇವಲನರಸಿಂಹ ದೇವಾಲಯದ ಶಿಲಾಶಾಸನವು 1980ರ ದಶಕದಲ್ಲಿ ಬೆಳಕಿಗೆ ಬಂದಿತು; 1993ರಲ್ಲಿ ಬಾಕ್ಕರ್ ಮತ್ತು ಐಸಾಕ್ಸನ್ ಅದನ್ನು ಸಂಪಾದಿಸಿದರು. ಸಾಲುಗಳ ಗಣನೀಯ ಭಾಗ ಸವೆದುಹೋಗಿದೆ. ಉಳಿದ ಅಕ್ಷರಗಳಿಂದ ಹೊರಡುವ ಕಥೆ ಇಷ್ಟು: ರಾಜಕುಮಾರಿಯೊಬ್ಬಳನ್ನು ಘಟೋತ್ಕಚನೆಂಬುವನಿಗೆ ಮದುವೆ ಮಾಡಿಕೊಟ್ಟಿದ್ದರು, ಮುಂದೆ ಆಕೆಯ ಸಹೋದರನು ಆಕೆಯನ್ನು ಬಲವಂತದಿಂದ ತವರಿಗೆ ಕರೆತಂದನು, ಆಕೆ ತಾಯಿಯ ಪುಣ್ಯಕ್ಕಾಗಿ ಪ್ರಭಾವತಿಸ್ವಾಮಿ ಎಂಬ ಹೆಸರಿನ ವಿಷ್ಣುವನ್ನು ಪ್ರತಿಷ್ಠಿಸಿದಳು. ಸುದರ್ಶನವೆಂಬ ಕೆರೆಯ ಉಲ್ಲೇಖವೂ ಅಲ್ಲಿದೆ. ಈ ಘಟೋತ್ಕಚನನ್ನು ಗುಪ್ತ ಸಂವತ್ಸರ 116ರ, ಎಂದರೆ ಕ್ರಿ.ಶ. 435ರ, ತುಮೈನ್ ಶಾಸನದಲ್ಲಿ ಬರುವ ಘಟೋತ್ಕಚಗುಪ್ತನೆಂದು ಗುರುತಿಸಲಾಗಿದೆ. ಅವನು ಪ್ರಭಾವತಿಯ ತಮ್ಮನೇ ಆಗಿದ್ದರೆ ಇದು ಸೋದರಮಾವನೊಡನೆ ಸೊಸೆಯ ವಿವಾಹ; ದಕ್ಷಿಣದವರಿಗೆ ವಿಚಿತ್ರವೆನಿಸದು, ಉತ್ತರದ ಗುಪ್ತರಲ್ಲಿ ಮಾತ್ರ ಅಪೂರ್ವ. ತಮ್ಮನ ಮಗನಾಗಿದ್ದರೂ ಸೋದರಿಕೆಯ ನಂಟೇ. ಯಾವುದಾದರೂ ಸರಿ, ವಾಕಾಟಕ ರಾಜನು ಗುಪ್ತರ ಮನೆಯಿಂದ ತನ್ನ ಸೋದರಿಯನ್ನು ಬಲದಿಂದ ಕರೆತಂದನೆಂಬ ಓದು ಸರಿಯಾಗಿದ್ದರೆ, ಎರಡು ಮನೆತನಗಳ ಸ್ನೇಹ ಮುಂದಿನ ತಲೆಮಾರಿಗೆ ಕೆಟ್ಟಿತ್ತೆನ್ನಬೇಕು. ಉಭಯಕುಲಾಲಂಕಾರಭೂತೆಯೆಂದು ಕರೆದುಕೊಂಡವಳ ಮಕ್ಕಳ ಕಾಲದಲ್ಲಿಯೇ ಆ ಉಭಯಕುಲಗಳು ಬೇರೆಯಾದುವು.

ನಗರಧನದಲ್ಲಿ ಪುಣೆಯ ಡೆಕ್ಕನ್ ಕಾಲೇಜೂ ಮಹಾರಾಷ್ಟ್ರದ ಪುರಾತತ್ತ್ವ ಇಲಾಖೆಯೂ 2015ರಿಂದ 2018ರವರೆಗೆ ನಡೆಸಿದ ಉತ್ಖನನದಲ್ಲಿ ಮಣ್ಣಿನ ಮುದ್ರಿಕೆಯೊಂದು ದೊರೆಯಿತು. ತೂಕ 6.40 ಗ್ರಾಂ, ಉದ್ದ 36 ಮಿಲಿಮೀಟರಿಗೆ ತುಸು ಕಡಮೆ, ಅಗಲ 24 ಮಿಲಿಮೀಟರ್. ಅದರ ಮೇಲೆ ಒಂದು ಶಂಖ, ಬ್ರಾಹ್ಮೀ ಲಿಪಿಯಲ್ಲಿ ಪ್ರಭಾವತಿಗುಪ್ತೆಯ ಹೆಸರು. ತಂದೆಯ ಹೆಸರಿಲ್ಲ, ಮಗನದಿಲ್ಲ, ಪತಿಯದೂ ಇಲ್ಲ. ಇಂಥ ಮಣ್ಣಿನ ಮುದ್ರೆಗಳನ್ನು ಒತ್ತುತ್ತಿದ್ದುದು ದಾರದಿಂದ ಕಟ್ಟಿದ ಓಲೆಯ ಮೇಲೋ ಸರಕಿನ ಗಂಟಿನ ಮೇಲೋ. ತಾಮ್ರಪಟಕ್ಕೆ ಏರದ ದಿನನಿತ್ಯದ ರಾಜಕಾರ್ಯವೆಲ್ಲ ನಡೆದದ್ದು ಅಂಥ ಓಲೆಗಳಲ್ಲಿ. ನಂದಿವರ್ಧನದ ನೆಲದಲ್ಲಿ ಮುದ್ರೆ ಉಳಿದಿದೆ, ಓಲೆ ಉಳಿದಿಲ್ಲ.